ಬೇಡ್ತಿ ಹೊಳೆ ಜೊತೆ ಕಡಲ ತನಕ: ಹುಬ್ಬಳ್ಳಿ-ಧಾರವಾಡದಿಂದ ಎರಡು ದಿನದ ಘಟ್ಟದ ದಾರಿ, ಎಲ್ಲಿ ನಿಲ್ಲಬೇಕು, ಎಲ್ಲಿ ನಿಲ್ಲಬಾರದು

ಹುಬ್ಬಳ್ಳಿಯಿಂದ ಅಂಕೋಲಾಕ್ಕೆ ಸುಮಾರು 140 ಕಿಲೋಮೀಟರ್. ಜಾಸ್ತಿ ಜನ ಈ ದಾರಿಯನ್ನು ಸುಮ್ನೆ ಓಡಿಸಿಕೊಂಡು ಹೋಗಿಬಿಡುತ್ತಾರೆ. ಯಲ್ಲಾಪುರದಲ್ಲಿ ಒಂದು ಚಹಾ, ಆಮೇಲೆ ಸೀದಾ ಗೋಕರ್ಣ. ಸಮುದ್ರ ನೋಡಿದರೆ ಪ್ರವಾಸ ಆಯಿತು ಅನ್ನುವ ಲೆಕ್ಕ. ಆದರೆ ಈ ಸೀಮೆಯ ನಮಗೆ ಈ ದಾರಿಯಲ್ಲಿ ಬೇರೆಯೇ ಒಂದು ಸಂಬಂಧ ಇದೆ. ಧಾರವಾಡದ ಸೋಮೇಶ್ವರ ಗುಡಿ ಹತ್ತಿರ ಹುಟ್ಟುವ ಶಾಲ್ಮಲಾ, ಹುಬ್ಬಳ್ಳಿ ಕಡೆಯಿಂದ ಬರುವ ಬೇಡ್ತಿ, ಎರಡೂ ಕಲಘಟಗಿ ಸೀಮೆಯಲ್ಲಿ ಕೂಡುತ್ತವೆ. ಯಲ್ಲಾಪುರ ದಾಟಿ ಮಾಗೋಡಿನಲ್ಲಿ ಧುಮುಕುತ್ತವೆ. ಗಂಗಾವಳಿ ಅನ್ನುವ ಹೆಸರು ಹೊತ್ತು ಅಂಕೋಲಾ ಹತ್ತಿರ ಕಡಲು ಸೇರುತ್ತವೆ. ನಮ್ಮ ಓಣಿಯಲ್ಲಿ ಬಿದ್ದ ಮಳೆಯ ನೀರು ಹೋಗುವ ದಿಕ್ಕಿಗೇ ನಮ್ಮ ಕಾರೂ ಹೋಗುತ್ತದೆ.

ಹಾಗಾಗಿ ನಾನು ಹೇಳುವ ಕ್ರಮ ಇಷ್ಟೇ: ಹೊಳೆಯನ್ನು ಹಿಡಿದು ಹೋಗಿ. ಅದು ಎಲ್ಲಿ ಕಾಣುತ್ತದೋ ಅಲ್ಲಿ ನಿಲ್ಲಿ. ಉಳಿದದ್ದನ್ನು ಬಿಟ್ಟರೂ ನಡೆಯುತ್ತದೆ.

1. ಮೊದಲು ತಿಂಗಳು ಆರಿಸಿ

ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಮುಗಿಯುವ ತನಕ ಎಲ್ಲಕ್ಕಿಂತ ಒಳ್ಳೆಯ ಸಮಯ. ಮಳೆ ಹಿಂದೆ ಸರಿದಿರುತ್ತದೆ, ಜಲಪಾತದಲ್ಲಿ ನೀರು ತುಂಬಿರುತ್ತದೆ, ಕಾಡು ಹಸಿರಾಗಿರುತ್ತದೆ. ಡಿಸೆಂಬರ್, ಜನವರಿ, ಫೆಬ್ರವರಿಯೂ ಚೆನ್ನ. ನೀರು ಕಡಿಮೆಯಾಗಿರುತ್ತದೆ, ಆದರೆ ಕಡಲು ಶಾಂತ. ಏಪ್ರಿಲ್, ಮೇನಲ್ಲಿ ಮಾಗೋಡು ಸಣ್ಣ ಎಳೆಯಷ್ಟೇ. ಕರಾವಳಿಯ ಸೆಕೆ ನಮ್ಮ ಬಿಸಿಲಿನ ಹಾಗಲ್ಲ, ನೆರಳಲ್ಲಿ ಕೂತರೂ ಬೆವರು ನಿಲ್ಲುವುದಿಲ್ಲ.

ಜುಲೈ, ಆಗಸ್ಟ್ ಬಗ್ಗೆ ಖಡಾಖಂಡಿತವಾಗಿ ಹೇಳುತ್ತೇನೆ. ಕುಟುಂಬ ಕರೆದುಕೊಂಡು ಆಗ ಈ ಘಟ್ಟ ಇಳಿಯಬೇಡಿ. 2021ರ ಜುಲೈ ಮಳೆಯಲ್ಲಿ ಯಲ್ಲಾಪುರ ದಾಟಿದ ಮೇಲೆ ಸಿಗುವ ಅರಬೈಲ್ ಘಟ್ಟದಲ್ಲಿ ಗುಡ್ಡ ಕುಸಿಯಿತು, ಘಟ್ಟದ ಕೆಳಗಿನ ಗುಳ್ಳಾಪುರದ ಸೇತುವೆಯನ್ನು ಗಂಗಾವಳಿ ಕೊಚ್ಚಿಕೊಂಡು ಹೋಯಿತು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಇಡಿಯಾಗಿ ಜಾರಿತು. ಗುಡ್ಡದ ಬುಡದಲ್ಲಿದ್ದ ಚಹಾದಂಗಡಿ, ಅಲ್ಲಿ ನಿಂತಿದ್ದ ವಾಹನ, ಜನ ಎಲ್ಲ ಮಣ್ಣಿನ ಜೊತೆ ಹೊಳೆಗೆ ಹೋದರು. ಅದೇ ಗಂಗಾವಳಿ. ಒಂದು ಲಾರಿ ಹೊಳೆಯ ತಳದಿಂದ ಸಿಕ್ಕಿದ್ದು ಸೆಪ್ಟೆಂಬರ್‌ನಲ್ಲಿ. ಇದನ್ನು ಹೆದರಿಸಲು ಬರೆಯುತ್ತಿಲ್ಲ. ಮಳೆಗಾಲದಲ್ಲಿ ಯಾರೋ ಹಾಕಿದ ಮಂಜಿನ ಫೋಟೋ ನೋಡಿ ಹೊರಡುವ ಹುಡುಗರು ಇದನ್ನು ತಿಳಿದಿರಬೇಕು.

ಮಳೆಗಾಲದಲ್ಲಿ ಹೋಗಲೇಬೇಕಾದ ಕೆಲಸ ಬಂದರೆ ಹಿಂದಿನ ರಾತ್ರಿ ಹವಾಮಾನ ಇಲಾಖೆಯ ಎಚ್ಚರಿಕೆ ನೋಡಿ. ಉತ್ತರ ಕನ್ನಡಕ್ಕೆ ರೆಡ್ ಅಲರ್ಟ್ ಇದ್ದರೆ ಪ್ರಯಾಣ ಮುಂದೂಡಿ. ಜೋರು ಮಳೆ ಇದ್ದಾಗ ಜಿಲ್ಲಾಡಳಿತ ಜಲಪಾತ, ಬೀಚುಗಳನ್ನು ಮುಚ್ಚಿಸುವುದೂ ಉಂಟು.

2. ಒಂದು ದಿನವೋ ಎರಡು ದಿನವೋ, ಮೊದಲೇ ತೀರ್ಮಾನಿಸಿ

ಒಂದೇ ದಿನ ಇದ್ದರೆ ಸಮುದ್ರವನ್ನು ಮರೆತುಬಿಡಿ. ಹೋಗಿ ಬರುವುದಕ್ಕೇ 280 ಕಿಲೋಮೀಟರ್ ಆಗುತ್ತದೆ. ಸೂರ್ಯಾಸ್ತ ನೋಡಿ ಹೊರಟರೆ ಕತ್ತಲಲ್ಲಿ ಘಟ್ಟ ಹತ್ತಬೇಕು, ಡ್ರೈವರ್‌ಗೆ ಅಷ್ಟು ಹೊತ್ತಿಗೆ ಸುಸ್ತಾಗಿರುತ್ತದೆ. ಅದರ ಬದಲು ಮಾಗೋಡು, ಕವಡಿಕೆರೆ, ಜೇನುಕಲ್ಲು ಗುಡ್ಡ ನೋಡಿಕೊಂಡು ರಾತ್ರಿ ಊಟಕ್ಕೆ ಮನೆಗೆ ಬನ್ನಿ. ಅದು ಪೂರ್ತಿ ಒಂದು ಪ್ರವಾಸವೇ.

ಎರಡು ದಿನ ಇದ್ದರೆ ಈ ಕ್ರಮ: ಹುಬ್ಬಳ್ಳಿ ಅಥವಾ ಧಾರವಾಡ, ಕಲಘಟಗಿ, ಯಲ್ಲಾಪುರ, ಮಾಗೋಡು, ಅರಬೈಲ್ ಘಟ್ಟ, ಅಂಕೋಲಾ, ರಾತ್ರಿ ಗೋಕರ್ಣ ಅಥವಾ ಕುಮಟಾ. ಮರುದಿನ ಸಾಣಿಕಟ್ಟಾ, ಮಿರ್ಜಾನ್ ಕೋಟೆ, ದೇವಿಮನೆ ಘಟ್ಟ, ಶಿರಸಿ, ಸಹಸ್ರಲಿಂಗ, ಯಲ್ಲಾಪುರ, ಮನೆ. ಹೋದ ಘಟ್ಟ ಬೇರೆ, ಬರುವ ಘಟ್ಟ ಬೇರೆ.

ಗದಗಿನವರಿಗೆ ಹುಬ್ಬಳ್ಳಿ ತನಕವೇ ಇನ್ನೂ ಸುಮಾರು 60 ಕಿಲೋಮೀಟರ್ ದಾರಿ ಇದೆ. ಬೆಳಗಿನ 5 ಗಂಟೆಗೆ ಬಿಡಬೇಕು, ಇಲ್ಲಾ ಹಿಂದಿನ ರಾತ್ರಿ ಹುಬ್ಬಳ್ಳಿಯ ನೆಂಟರ ಮನೆ ಸೇರಬೇಕು. ಹಾವೇರಿಯವರು ಇಡೀ ಕ್ರಮವನ್ನು ತಿರುಗಿಸಿಕೊಳ್ಳಿ. ಹಾವೇರಿಯಿಂದ ಶಿರಸಿಗೆ ನೇರ ರಸ್ತೆ ಇದೆ. ದೇವಿಮನೆ ಘಟ್ಟ ಇಳಿದು ಕುಮಟಾ, ಕಡಲ ದಂಡೆಯಲ್ಲಿ ಉತ್ತರಕ್ಕೆ ಅಂಕೋಲಾ, ಅರಬೈಲ್ ಹತ್ತಿ ಯಲ್ಲಾಪುರ. ನೀವು ಹೊಳೆಯನ್ನು ಬಾಯಿಯಿಂದ ಹುಟ್ಟಿನ ಕಡೆಗೆ ನೋಡುತ್ತೀರಿ, ಅಷ್ಟೇ ವ್ಯತ್ಯಾಸ.

3. ಗಾಡಿ ಮತ್ತು ಬುತ್ತಿ

ಬ್ರೇಕ್, ಟೈರ್, ವೈಪರ್, ಸ್ಟೆಪ್ನಿ. ಈ ನಾಲ್ಕು ನೋಡಿಸಿ. ಪೆಟ್ರೋಲ್ ಹುಬ್ಬಳ್ಳಿಯಲ್ಲೇ ತುಂಬಿಸಿ, ಕಡಿಮೆ ಬಿದ್ದರೆ ಯಲ್ಲಾಪುರದಲ್ಲಿ ಹಾಕಿಸಿ. ಘಟ್ಟದ ಒಳಗೆ ಎಲ್ಲೋ ಸಿಗುತ್ತದೆ ಅಂತ ನಂಬಬೇಡಿ. ಮೊಬೈಲ್ ಸಿಗ್ನಲ್ ಮಾಗೋಡಿನ ಕಡೆಗೂ ಘಟ್ಟದಲ್ಲೂ ಕೈಕೊಡುತ್ತದೆ, ಮ್ಯಾಪನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ. ಕರಾವಳಿ ಹೆದ್ದಾರಿಯಲ್ಲಿ ಟೋಲ್ ಇದೆ, ಫಾಸ್ಟ್ಯಾಗ್‌ನಲ್ಲಿ ದುಡ್ಡಿರಲಿ.

ಬುತ್ತಿ ಕಟ್ಟಿಕೊಳ್ಳಿ. ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಒಂದು ಡಬ್ಬಿ ಗಟ್ಟಿ ಮೊಸರು. ಕವಡಿಕೆರೆ ದಂಡೆಯಲ್ಲಿ ಕೂತು ಇದನ್ನು ತಿಂದರೆ ಯಾವ ಹೋಟೆಲೂ ನೆನಪಾಗುವುದಿಲ್ಲ. ಮಕ್ಕಳಿಗೆ ಮಾತ್ರ ಘಟ್ಟ ಇಳಿಯುವ ಮುಂಚೆ ಹೊಟ್ಟೆ ತುಂಬ ತಿನ್ನಿಸಬೇಡಿ. ತಿರುವಿನಲ್ಲಿ ವಾಂತಿ ಗ್ಯಾರಂಟಿ. ಹಸಿ ಶುಂಠಿ ಚೂರು ಇಲ್ಲಾ ನಿಂಬೆಹಣ್ಣು ಕೈಯಲ್ಲಿರಲಿ, ಮೊಬೈಲ್ ಬೇಡ.

4. ಧಾರವಾಡದಿಂದ ಯಲ್ಲಾಪುರ

ಧಾರವಾಡದವರು ಬೆಳಿಗ್ಗೆ 6ಕ್ಕೆ ಸೋಮೇಶ್ವರ ಗುಡಿಯಲ್ಲಿ ಹತ್ತು ನಿಮಿಷ ನಿಂತು ಹೊರಡಿ. ಹಳೆಯ ಕಲ್ಲಿನ ಗುಡಿ, ದೊಡ್ಡ ಮರಗಳ ನೆರಳು. ಶಾಲ್ಮಲೆ ಇಲ್ಲಿ ಹೊಳೆಯ ಹಾಗೆ ಕಾಣುವುದೇ ಇಲ್ಲ. ಅದಕ್ಕೇ ನೋಡಬೇಕು. ಇದೇ ನೀರು ಮಾಗೋಡಿನಲ್ಲಿ ಏನಾಗುತ್ತದೆ ಅಂತ ಮಧ್ಯಾಹ್ನದೊಳಗೆ ಮಕ್ಕಳಿಗೇ ಗೊತ್ತಾಗುತ್ತದೆ. ಅಲ್ಲಿಂದ ಕಲಘಟಗಿಗೆ ನೇರ ರಸ್ತೆ. ಹುಬ್ಬಳ್ಳಿಯವರಿಗೆ ಅಂಕೋಲಾ ಹೆದ್ದಾರಿಯೇ ಇದೆ. ಇದು ಈಗ ರಾಷ್ಟ್ರೀಯ ಹೆದ್ದಾರಿ 52, ಪಂಜಾಬಿನ ಸಂಗ್ರೂರಿನಿಂದ ಅಂಕೋಲಾದ ತನಕ ಬರುತ್ತದೆ. ನಮ್ಮ ಕಡೆಯ ಜನ ಇನ್ನೂ ಹಳೆಯ ನಂಬರ್ ಹಿಡಿದು 63 ಅಂತಲೇ ಕರೆಯುತ್ತಾರೆ.

ಕಲಘಟಗಿಯಲ್ಲಿ ತೊಟ್ಟಿಲು ಮಾಡುವವರ ಮನೆಗೆ ಒಮ್ಮೆ ಹೋಗಿ ನೋಡಿ. ಮೊದಲೇ ಕೇಳಿಕೊಂಡು ಹೋಗಿ, ಅದು ಅಂಗಡಿಯಲ್ಲ, ಕೆಲಸ ನಡೆಯುವ ಮನೆ. ತೇಗದ ಹಲಗೆ ಮೇಲೆ ಅರಗಿನ ಬಣ್ಣ. ಕೆಂಪು, ಹಳದಿ, ಹಸಿರು. ಬದಿಗಳ ಮೇಲೆ ಕೃಷ್ಣನ ಕಥೆ, ರಾಮಾಯಣದ ಕಥೆ. ಬಣ್ಣದ ಮೇಲೆ ಕೈ ಆಡಿಸಿದರೆ ಗಾಜಿನಷ್ಟು ನುಣುಪು. ಮನೆಯಲ್ಲಿ ಬಾಣಂತನ ಬರುವುದಿದ್ದರೆ ತಿಂಗಳುಗಟ್ಟಲೆ ಮೊದಲೇ ಹೇಳಿರಬೇಕು.

ಕಲಘಟಗಿ ದಾಟಿದ ಮೇಲೆ ಹೊಲಗಳು ಕಡಿಮೆಯಾಗಿ ತೇಗದ ಕಾಡು ಶುರು. ಕಿರವತ್ತಿ ಬಂತೆಂದರೆ ಉತ್ತರ ಕನ್ನಡ. ರಸ್ತೆ ಪಕ್ಕದ ಹಳ್ಳಿಗಳಲ್ಲಿ ಸಿದ್ದಿಗಳು, ಎಮ್ಮೆ ಸಾಕುವ ಗೌಳಿಗಳು ಇದ್ದಾರೆ. ಸಿದ್ದಿಗಳ ಹಿರಿಯರು ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರು. ಅವರು ನಮ್ಮ ಕನ್ನಡ ಮಾತಾಡುವ ನಮ್ಮವರೇ. ಕಾರು ನಿಲ್ಲಿಸಿ ಅವರ ಫೋಟೋ ಹೊಡೆಯುವುದು, ಬೆರಳು ಮಾಡಿ ತೋರಿಸುವುದು ದಯವಿಟ್ಟು ಬೇಡ.

5. ಮಾಗೋಡು: ಇಲ್ಲಿ ಎರಡು ತಾಸು ಕೊಡಿ

ಯಲ್ಲಾಪುರದಿಂದ ಮಾಗೋಡು ಇಪ್ಪತ್ತು ಕಿಲೋಮೀಟರ್ ಒಳಗೇ ಇದೆ. ಹೆದ್ದಾರಿ ಬಿಟ್ಟು ಎಡಕ್ಕೆ ಹೊರಳಿ ಅಡಿಕೆ ತೋಟ, ಕಾಡಿನ ನಡುವೆ ಸಣ್ಣ ರಸ್ತೆಯಲ್ಲಿ ಹೋಗಬೇಕು. ಎದುರಿಗೆ ಬಸ್ ಬಂದರೆ ಒಬ್ಬರು ಹಿಂದೆ ಸರಿಯಲೇಬೇಕು, ನಿಧಾನ ಇರಲಿ. ದಾರಿಯಲ್ಲಿ ಕವಡಿಕೆರೆ ಸಿಗುತ್ತದೆ. ಅಲ್ಲಿ ದುರ್ಗಾದೇವಿ ಗುಡಿ ಇದೆ, ಸುತ್ತ ಕಾಡು, ನಡುವೆ ಅಗಲವಾದ ನೀರು.

ಮಾಗೋಡಿನಲ್ಲಿ ಬೇಡ್ತಿ ಎರಡು ಹಂತದಲ್ಲಿ ಸುಮಾರು 200 ಮೀಟರ್ ಕೆಳಗೆ ಬೀಳುತ್ತದೆ. ನಾವು ನಿಲ್ಲುವುದು ಎದುರಿನ ದಂಡೆಯ ಮೇಲೆ, ಎತ್ತರದಲ್ಲಿ. ಮೈ ಮೇಲೆ ನೀರು ಸಿಡಿಯುವ ಜಲಪಾತ ಅಲ್ಲ ಇದು. ಕಣಿವೆ ಆಚೆ ಮೊದಲು ಒಂದು ಬಿಳಿ ಪಟ್ಟಿ ಕಾಣುತ್ತದೆ. ಅದು ಬಂಡೆ ಮೇಲೆ ಬಿದ್ದು, ಒಂದು ಕ್ಷಣ ಮರೆಯಾಗಿ, ಇನ್ನೊಂದು ಕಡೆಯಿಂದ ಮತ್ತೆ ಹೊರಬಂದು ಕೆಳಗಿನ ಇರುಕಿಗೆ ಧುಮುಕುತ್ತದೆ. ಕಣ್ಣಿಗೆ ಕಂಡ ಮೇಲೆ ಸದ್ದು ಸ್ವಲ್ಪ ತಡವಾಗಿ ಮುಟ್ಟುತ್ತದೆ. ಕೆಳಗೆ ಹೊಳೆ ಎಳೆಯಾಗಿ ಕಾಡಿನೊಳಗೆ ಸೇರಿಹೋಗುತ್ತದೆ.

ಒಂದು ಸೂಚನೆ. ಮಳೆ ಮುಗಿದ ಹೊಸತರಲ್ಲಿ ಬೆಳಿಗ್ಗೆ ಕಣಿವೆ ತುಂಬ ಮಂಜು ಕೂತಿರುತ್ತದೆ. 8 ಗಂಟೆಗೆ ಹೋದವರು ಬರೀ ಬಿಳಿ ಗೋಡೆ ನೋಡಿ, ಬೈದುಕೊಂಡು ವಾಪಸ್ ಹೊರಡುತ್ತಾರೆ. 10ರ ಮೇಲೆ ಹೋಗಿ. ಆಗಲೂ ಮಂಜಿದ್ದರೆ ಬುತ್ತಿ ಬಿಚ್ಚಿ ಕಾಯಿರಿ. ಗಾಳಿ ತಿರುಗಿದರೆ ಒಂದೆರಡು ನಿಮಿಷದಲ್ಲಿ ಪರದೆ ಸರಿದಂತೆ ಇಡೀ ಕಣಿವೆ ತೆರೆದುಕೊಳ್ಳುತ್ತದೆ. ಕಟಾಂಜನ ದಾಟಿ ಕೆಳಗಿಳಿಯಲು ಮಾತ್ರ ಹೋಗಬೇಡಿ. ಅಲ್ಲಿ ದಾರಿಯೇ ಇಲ್ಲ.

ಈ ಹೊಳೆ ಹೀಗೆ ಬೀಳುವುದನ್ನು ನಾವು ನೋಡುತ್ತಿರುವುದಕ್ಕೆ ಇಲ್ಲಿನ ಜನರಿಗೆ ಋಣಿಯಾಗಿರಬೇಕು. 1980ರ ಆಸುಪಾಸಿನಲ್ಲಿ ಬೇಡ್ತಿಗೆ ಅಣೆಕಟ್ಟು ಕಟ್ಟಿ ವಿದ್ಯುತ್ ತೆಗೆಯುವ ಯೋಜನೆ ಬಂದಿತ್ತು. ತೋಟ, ಕಾಡು ಮುಳುಗುತ್ತದೆ ಅಂತ ರೈತರು ಎದ್ದು ನಿಂತರು. ಬರೀ ಘೋಷಣೆ ಕೂಗಲಿಲ್ಲ, ವಿಜ್ಞಾನಿಗಳನ್ನು ಕರೆಸಿ ಲಾಭ-ನಷ್ಟದ ಲೆಕ್ಕವನ್ನೇ ಚರ್ಚೆಗಿಟ್ಟರು. ಯೋಜನೆ ನಿಂತಿತು. ಕಟಾಂಜನದ ಹತ್ತಿರ ಚಿಪ್ಸ್ ಪೊಟ್ಟಣ ಬಿಸಾಡುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುವುದು ಇದಕ್ಕೇ.

ಹತ್ತಿರದಲ್ಲೇ ಜೇನುಕಲ್ಲು ಗುಡ್ಡ. ಅಲ್ಲಿಂದ ಬೇಡ್ತಿ ಕಣಿವೆ ದೂರದ ತನಕ ಕಾಣುತ್ತದೆ. ಸಂಜೆ ಹೊತ್ತು ಚೆಂದ, ಆದರೆ ಎರಡು ದಿನದ ಪ್ರವಾಸದವರು ಸಂಜೆಗೆ ಕಾಯಬಾರದು. ಮಧ್ಯಾಹ್ನವೇ ಒಮ್ಮೆ ನೋಡಿ ಹೆದ್ದಾರಿಗೆ ಮರಳಿ. ಸಾತೊಡ್ಡಿ ಜಲಪಾತವನ್ನು ಇದೇ ದಿನ ಸೇರಿಸಬೇಡಿ. ಅದು ಯಲ್ಲಾಪುರದಿಂದ ಬೇರೆ ದಿಕ್ಕು, ಅಲ್ಲಿನ ನೀರು ಕಾಳಿ ನದಿಗೆ ಹೋಗುತ್ತದೆ. ಅದಕ್ಕೆ ಇನ್ನೊಂದು ಭಾನುವಾರ ಇಡಿ.

6. ಅರಬೈಲ್ ಘಟ್ಟ ಇಳಿಯುವುದು ಹೇಗೆ

ಧಾರವಾಡ ಸಮುದ್ರಮಟ್ಟದಿಂದ 700 ಮೀಟರ್‌ಗಿಂತ ಎತ್ತರದಲ್ಲಿದೆ, ಯಲ್ಲಾಪುರ 500ರ ಆಸುಪಾಸು. ಉಳಿದ ಇಳಿಜಾರಿನ ಬಹುಪಾಲು ಈ ಘಟ್ಟದಲ್ಲೇ. ಲಾರಿ ಸಂಚಾರ ಜಾಸ್ತಿ, ತಿರುವು ಕಡಿದು.

ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ಹೆಚ್ಚಿನ ಕಡೆ ಎರಡನೇ ಗೇರ್. ನ್ಯೂಟ್ರಲ್‌ಗೆ ಹಾಕಿ ಪೆಟ್ರೋಲ್ ಉಳಿಸುವ ಹುಚ್ಚು ಬೇಡ. ಬ್ರೇಕನ್ನು ಒತ್ತಿಕೊಂಡೇ ಇರಬೇಡಿ. ಒತ್ತಿ, ವೇಗ ಇಳಿಸಿ, ಬಿಡಿ. ತಿರುವಿಗೆ ಮುಂಚೆ ಹಾರ್ನ್ ಹೊಡೆಯಿರಿ. ಹತ್ತಿ ಬರುವ ಲಾರಿಗೆ ದಾರಿ ಬಿಡಿ. ಅದು ಒಮ್ಮೆ ನಿಂತರೆ ಮತ್ತೆ ಎಳೆಯುವುದು ಕಷ್ಟ, ತಿರುವಿನಲ್ಲಿ ಅದಕ್ಕೆ ಇಡೀ ರಸ್ತೆ ಬೇಕು. ಮುಂದಿನ ಲಾರಿ ನಿಧಾನ ಹೋದರೆ ಹಿಂದೆಯೇ ಹೋಗಿ, ಹತ್ತು ನಿಮಿಷ ತಡವಾದರೆ ಏನೂ ಆಗುವುದಿಲ್ಲ. ಸುಟ್ಟ ವಾಸನೆ ಬಂದರೆ ನೇರವಾದ, ಅಗಲವಾದ ಜಾಗ ನೋಡಿ ನಿಲ್ಲಿಸಿ ಅರ್ಧ ತಾಸು ತಣ್ಣಗಾಗಲು ಬಿಡಿ. ಕಾದ ಚಕ್ರದ ಮೇಲೆ ನೀರು ಸುರಿಯಬೇಡಿ.

2025ರ ಜನವರಿ 22ರ ನಸುಕಿನಲ್ಲಿ ಸವಣೂರಿನಿಂದ ಕುಮಟಾ ಸಂತೆಗೆ ಹೊರಟ ತರಕಾರಿ ಲಾರಿ ಈ ಘಟ್ಟದ ದಾರಿಯಲ್ಲಿ ಉರುಳಿ 10 ಜನ ತೀರಿಹೋದರು. ನಮ್ಮ ಹಾವೇರಿ ಜಿಲ್ಲೆಯ ದುಡಿಯುವ ಜನ. ನಸುಕು, ನಿದ್ದೆಗಣ್ಣು, ಮಂಜು, ಇಳಿಜಾರು. ಇವೆಲ್ಲ ಒಟ್ಟಿಗೆ ಬರುವ ಹೊತ್ತಿನಲ್ಲಿ ಇಲ್ಲಿ ಗಾಡಿ ಓಡಿಸಲೇಬಾರದು. ಮಧ್ಯಾಹ್ನ 12ರಿಂದ 2ರ ಒಳಗೆ ಘಟ್ಟ ಇಳಿಯುವಂತೆ ಲೆಕ್ಕ ಹಾಕಿ.

ಫೋಟೋಕ್ಕೆ ತಿರುವಿನಲ್ಲಿ ನಿಲ್ಲಿಸುವಂತಿಲ್ಲ. ಕಡಿದ ಗುಡ್ಡದ ಬುಡದಲ್ಲಿ ಬೇಸಿಗೆಯಲ್ಲೂ ಗಾಡಿ ಬಿಡಬೇಡಿ. ಮಂಗಗಳಿಗೆ ಬಿಸ್ಕೆಟ್ ಹಾಕಬೇಡಿ. ನಾವು ಹಾಕುವುದರಿಂದಲೇ ಅವು ರಸ್ತೆಗೆ ಬಂದು ಚಕ್ರಕ್ಕೆ ಸಿಗುತ್ತವೆ.

7. ಗುಳ್ಳಾಪುರದಿಂದ ಅಂಕೋಲಾ: ಹೊಳೆ ಪಕ್ಕದ ಹಾದಿ

ಘಟ್ಟ ಇಳಿದ ಕೂಡಲೇ ಗಾಳಿ ಬದಲಾಗುತ್ತದೆ. ಕಿಟಕಿ ಇಳಿಸಿದರೆ ಬಿಸಿ, ಹಸಿ ಗಾಳಿ. ಗುಳ್ಳಾಪುರ, ರಾಮನಗುಳಿ, ಸುಂಕಸಾಳ. ಈ ಹಾದಿಯಲ್ಲಿ ಮಾಗೋಡಿನಲ್ಲಿ ಧುಮುಕಿದ ಹೊಳೆ ಗಂಗಾವಳಿಯಾಗಿ ಎಡಕ್ಕೆ ಜೊತೆಯಾಗುತ್ತದೆ. ಮರಗಳ ನಡುವೆ ಒಮ್ಮೆ ಕಾಣುತ್ತದೆ, ಒಮ್ಮೆ ಇಲ್ಲ. ಊರು ಇರುವ ಕಡೆ, ಅಂಗಡಿ ಮುಂದೆ ಗಾಡಿ ಬಿಟ್ಟು, ಊರವರನ್ನು ಕೇಳಿ ದಂಡೆಗೆ ಹೋಗಿ. ಬೇಸಿಗೆಯಲ್ಲಿ ಹೊಳೆ ತುಂಬ ಬಂಡೆ. ಮೇಲೆ ಶಾಂತ ಕಂಡರೂ ಬಂಡೆಗಳ ನಡುವೆ ಆಳದ ಮಡು ಇರುತ್ತದೆ, ಇಳಿಯುವುದು ಬೇಡ.

ಬಾಳೆಗುಳಿಯಲ್ಲಿ ರಾಷ್ಟ್ರೀಯ ಹೆದ್ದಾರಿ 66 ಸಿಗುತ್ತದೆ. ಊಟಕ್ಕೆ ಅಂಕೋಲಾ ಪೇಟೆಗೆ ಹೋಗಿ. ಮೀನು ತಿನ್ನುವವರಿಗೆ ಕುಚ್ಚಲಕ್ಕಿ ಅನ್ನ, ಬಂಗಡೆ ಸಾರು, ಮೇಲೆ ಕೋಕಂ ಕಡಿ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳಿಗೆ ನಿಷೇಧ, ಆಗ ತಾಜಾ ಮೀನು ಕಡಿಮೆ. ಮೇ ತಿಂಗಳಲ್ಲಿ ಬಂದವರು ಕರಿ ಇಶಾಡ ಮಾವಿನಹಣ್ಣು ಕೇಳಿ. ಅಂಕೋಲಾದ್ದೇ ತಳಿ, ಭೌಗೋಳಿಕ ಗುರುತು ಸಿಕ್ಕಿದೆ.

ಸಂಜೆ 4ರ ಸುಮಾರಿಗೆ ಮಂಜಗುಣಿಗೆ ಹೋಗಿ. ಇಲ್ಲಿ ಗಂಗಾವಳಿ ಕಡಲು ಸೇರುತ್ತದೆ. ಆಚೆ ದಂಡೆಯಲ್ಲಿ ಗಂಗಾವಳಿ ಊರು, ಗಂಗಾಮಾತೆಯ ಗುಡಿ. ಸುಮಾರು 150 ಕಿಲೋಮೀಟರ್ ಹರಿದ ಹೊಳೆಯ ಕೊನೆ ಇದು. ಭರತದ, ಅಂದರೆ ಉಬ್ಬರದ, ಹೊತ್ತಿಗೆ ಸಮುದ್ರದ ನೀರೇ ಹೊಳೆಯೊಳಗೆ ಏರಿ ಬರುತ್ತದೆ, ಅಲೆಗಳು ಒಳಮುಖವಾಗಿ ಹೋಗುವುದು ಕಾಣುತ್ತದೆ. ಗೋಕರ್ಣದ ಗದ್ದಲಕ್ಕಿಂತ ಈ ಜಾಗ ನನಗೆ ಹೆಚ್ಚು. ಅಳಿವೆಯಲ್ಲಿ ಸೆಳೆತ ಜೋರು, ಈಜು ಬೇಡವೇ ಬೇಡ.

ರಾತ್ರಿಗೆ ಗೋಕರ್ಣ. ಹೆದ್ದಾರಿಯಿಂದ ಮಾದನಗೇರಿಯಲ್ಲಿ ಹೊರಳಿದರೆ ಸುಮಾರು 10 ಕಿಲೋಮೀಟರ್. ಓಂ ಬೀಚು, ಕುಡ್ಲೆ ಬೀಚು ಎಲ್ಲರಿಗೂ ಗೊತ್ತು. ಬಯಲುಸೀಮೆಯ ನಮಗೆ ಕೆರೆ, ಬಾವಿಯ ಈಜು ಬರುತ್ತದೆ, ಅಲೆಯ ಈಜು ಬೇರೆ. ಮೊಣಕಾಲು ನೀರಿನ ಆಚೆ ಹೋಗಬೇಡಿ, ಜೀವರಕ್ಷಕರು ಸೀಟಿ ಊದಿದರೆ ವಾದ ಮಾಡಬೇಡಿ. ಶನಿವಾರ, ಉದ್ದ ರಜೆ ಇದ್ದರೆ ರೂಮು ಮೊದಲೇ ಹಿಡಿದಿಡಿ. ಇಲ್ಲವೇ ಕುಮಟಾದಲ್ಲಿ ಉಳಿಯಿರಿ.

8. ಎರಡನೇ ದಿನ: ಉಪ್ಪು, ಕೋಟೆ, ಇನ್ನೊಂದು ಘಟ್ಟ

ಬೆಳಿಗ್ಗೆ ಬೇಗ ಎದ್ದು ಸಾಣಿಕಟ್ಟಾದ ಉಪ್ಪಿನ ಆಗರ ನೋಡಿ. ಅಘನಾಶಿನಿಯ ಅಳಿವೆಯ ಉಪ್ಪುನೀರನ್ನು ಚೌಕಾಕಾರದ ಮಡಿಗಳಿಗೆ ಬಿಟ್ಟು ಬಿಸಿಲಿಗೆ ಒಣಗಿಸುತ್ತಾರೆ. ಬೇಸಿಗೆ ಏರಿದಂತೆ ಕೆಲಸ ಜೋರು. ಉದ್ದ ಕೋಲಿಗೆ ಹಲಗೆ ಸಿಕ್ಕಿಸಿ ಉಪ್ಪನ್ನು ಬದುವಿಗೆ ಎಳೆದು ರಾಶಿ ಹಾಕುತ್ತಾರೆ. ಹೊಸ ಉಪ್ಪು ಅಚ್ಚ ಬಿಳಿ ಇರುವುದಿಲ್ಲ, ಮಣ್ಣಿನ ಬೂದು ಬಣ್ಣ ಹತ್ತಿರುತ್ತದೆ. ಮಡಿಯೊಳಗೆ ಕಾಲಿಡಬೇಡಿ, ಬದುವಿನ ಮೇಲೆ ನಿಂತು ನೋಡಿ. 1930ರ ಉಪ್ಪಿನ ಸತ್ಯಾಗ್ರಹ ಕರ್ನಾಟಕದಲ್ಲಿ ಅಂಕೋಲಾದಲ್ಲೇ ಯಾಕೆ ಹೊತ್ತಿಕೊಂಡಿತು ಅನ್ನುವುದು ಈ ಕರಾವಳಿಯ ಉಪ್ಪನ್ನು ಕಣ್ಣಾರೆ ಕಂಡ ಮೇಲೆ ಚೆನ್ನಾಗಿ ತಿಳಿಯುತ್ತದೆ.

ಕುಮಟಾ ಕಡೆ ಹೋಗುವಾಗ ಮಿರ್ಜಾನ್ ಕೋಟೆ. ಹೆದ್ದಾರಿಗೆ ಹತ್ತಿರವೇ ಇದೆ. ಕೆಂಪು ಜಂಬಿಟ್ಟಿಗೆ ಕಲ್ಲಿನ ಗೋಡೆ, ಮೇಲೆ ಹಸಿರು ಪಾಚಿ. ಮೆಣಸಿನ ರಾಣಿ ಅಂತ ಪೋರ್ಚುಗೀಸರು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಹೆಸರಿನ ಜೊತೆ ಬೆಸೆದ ಕೋಟೆ. ಒಂದು ತಾಸು ಸಾಕು.

ಇಲ್ಲಿಂದ ಹೊನ್ನಾವರ, ಮುರುಡೇಶ್ವರ ಅಂತ ಆಸೆ ಹುಟ್ಟುತ್ತದೆ, ಅಲ್ವಾ? ಬಿಡಿ. ಅಲ್ಲಿಗೆ ಹೋದರೆ ಎರಡನೇ ಘಟ್ಟ ಕತ್ತಲಿಗೆ ಬೀಳುತ್ತದೆ.

ಕುಮಟಾದಿಂದ ಶಿರಸಿ ಸುಮಾರು 60 ಕಿಲೋಮೀಟರ್, ದೇವಿಮನೆ ಘಟ್ಟದ ಮೂಲಕ. ಅರಬೈಲಿಗಿಂತ ದಟ್ಟ ಕಾಡು. ಈ ರಸ್ತೆಯಲ್ಲಿ ಅಗಲ ಮಾಡುವ ಕೆಲಸಕ್ಕಾಗಿ ಆಗಾಗ ಸಂಚಾರ ನಿಲ್ಲಿಸಿದ್ದುಂಟು. ಹೊರಡುವ ದಿನ ಬೆಳಿಗ್ಗೆ ಕುಮಟಾದಲ್ಲೇ ವಿಚಾರಿಸಿ, ಮುಚ್ಚಿದ್ದರೆ ಅರಬೈಲ್ ಹತ್ತಿಯೇ ಬನ್ನಿ. ಯಾಣಕ್ಕೂ ಇದೇ ರಸ್ತೆಯಿಂದ ಹೊರಳಬೇಕು. 120 ಮೀಟರ್ ಎತ್ತರದ ಭೈರವೇಶ್ವರ ಶಿಖರ, 90 ಮೀಟರ್‌ನ ಮೋಹಿನಿ ಶಿಖರ, ಕಾಡಿನ ನಡುವೆ ಕಪ್ಪಗೆ ನಿಂತಿವೆ. ಬಂಡೆಯಲ್ಲಿ ಹೆಜ್ಜೇನು ಇರುತ್ತದೆ, ಕೂಗಾಟ, ಹೊಗೆ ಬೇಡ. ಯಾಣ ಅಥವಾ ಸಹಸ್ರಲಿಂಗ, ಒಂದನ್ನು ಮಾತ್ರ ಆರಿಸಿ. ಎರಡಕ್ಕೂ ಹೊತ್ತು ಸಾಲುವುದಿಲ್ಲ.

ಶಿರಸಿಯಲ್ಲಿ ಊಟ. ತಂಬುಳಿ, ಅಪ್ಪೆಹುಳಿ ಸಿಕ್ಕರೆ ಬಿಡಬೇಡಿ, ಮನೆಗೆ ತೊಡದೇವು ಕಟ್ಟಿಸಿಕೊಳ್ಳಿ. ನನ್ನ ಆಯ್ಕೆ ಸಹಸ್ರಲಿಂಗ. ಶಿರಸಿ-ಯಲ್ಲಾಪುರ ರಸ್ತೆಗೆ ಹತ್ತಿರ ಇರುವುದರಿಂದ ಮನೆಯ ದಾರಿಯಲ್ಲೇ ಸಿಗುತ್ತದೆ. ಹೊಳೆಯ ಬಂಡೆಗಳ ಮೇಲೆ ಸೋದೆ ಅರಸರ ಕಾಲದಲ್ಲಿ ಕಡೆದ ಲಿಂಗಗಳು, ಎದುರಿಗೆ ಬಸವಣ್ಣಗಳು. ಈ ಹೊಳೆಯ ಹೆಸರೂ ಶಾಲ್ಮಲಾ, ಇದೂ ಕೊನೆಗೆ ಬೇಡ್ತಿಗೇ ಸೇರುತ್ತದೆ. ನವೆಂಬರ್‌ನಿಂದ ಮಾರ್ಚ್ ತನಕ ನೀರು ಇಳಿದು ಲಿಂಗಗಳು ಚೆನ್ನಾಗಿ ಕಾಣುತ್ತವೆ. ಕಲ್ಲು ಜಾರುತ್ತದೆ, ವಯಸ್ಸಾದವರು ದಂಡೆಯಲ್ಲೇ ಕೂತರೆ ಒಳ್ಳೆಯದು.

ಸಂಜೆ 5ಕ್ಕೆ ಇಲ್ಲಿಂದ ಬಿಟ್ಟರೆ ಬೆಳಕಿರುವಾಗಲೇ ಯಲ್ಲಾಪುರ ದಾಟಬಹುದು. ಕಿರವತ್ತಿ ತನಕದ ಕಾಡಿನಲ್ಲಿ ಮುಸ್ಸಂಜೆ ಹೊತ್ತಿಗೆ ಪ್ರಾಣಿಗಳು, ಮನೆಗೆ ಮರಳುವ ಎಮ್ಮೆಗಳು ರಸ್ತೆ ದಾಟುತ್ತವೆ, 50ರ ಮೇಲೆ ಓಡಿಸಬೇಡಿ. ಕಲಘಟಗಿಯಲ್ಲಿ ಒಂದು ಚಹಾ ಕುಡಿದು ಹೊರಟರೆ ಹುಬ್ಬಳ್ಳಿ ಮುಕ್ಕಾಲು ತಾಸು.